ಔಷಧಿಗೆ ಬಗ್ಗದ ಮೂರ್ಛೆರೋಗ: ವಿದೇಶಕ್ಕೆ ಹೋಗಲೇಬೇಕೆ?

ನಿಮ್ಮ ತಂಗಿಗೆ ಮೂರ್ಛೆರೋಗವಿದೆ ಎಂದುಕೊಳ್ಳಿ. ತಪ್ಪದೆ ಮಾತ್ರೆ ನುಂಗಿದರೂ ಫಿಟ್ಸ್ ನಿಂತಿಲ್ಲ. ‘ಜಮೀನು ಮಾರಿಯಾದರೂ ಅಮೆರಿಕಕ್ಕೆ ಕರೆದೊಯ್ಯೋಣ’ ಎನ್ನುತ್ತಾರೆ ತಂದೆ. ನೀವೇನು ಹೇಳುವಿರಿ?

ಸರಿಯಾಗಿ ಆಯ್ದ ಎರಡು ಔಷಧಿಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಹತೋಟಿಗೆ ಬಾರದ ಮೂರ್ಛೆಯನ್ನು ಔಷಧಿಗೆ ಬಗ್ಗದ್ದು ಎನ್ನುತ್ತಾರೆ. ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂಥವರು. ಆಗ ವಿಡಿಯೋ ಇ.ಇ.ಜಿ. ಪರೀಕ್ಷೆ ಬೇಕು. ರೋಗಿಯನ್ನು ಕ್ಯಾಮೆರಾದ ಮುಂದೆ ಹಗಲಿರುಳು ಇರಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ಎಂ.ಆರ್.ಐ. ಚಿತ್ರದೊಡನೆ ಹೋಲಿಸುತ್ತಾರೆ. ಮೂರ್ಛೆ ಹುಟ್ಟುವ ಜಾಗ ಖಚಿತವಾಗಿ, ಅದನ್ನು ತೆಗೆದರೆ ಮಾತು, ನೆನಪುಗಳಿಗೆ ಧಕ್ಕೆಯಿಲ್ಲವೆಂದಾದರೆ ಶಸ್ತ್ರಚಿಕಿತ್ಸೆ ಮಾಡಬಹುದು.

ಇದಿಷ್ಟೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ತಿರುವನಂತಪುರದ ಶ್ರೀಚಿತ್ರಾದಲ್ಲಿ ಉಂಟು. ದೆಹಲಿಯ ಏಮ್ಸ್ ವೈದ್ಯರು 116 ಮಕ್ಕಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ: ಒಂದು ವರ್ಷದ ನಂತರ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡಾ 77 ಮಂದಿ ಮೂರ್ಛೆಯಿಂದ ಮುಕ್ತರಾಗಿದ್ದರು, ಔಷಧಿಯನ್ನಷ್ಟೇ ಪಡೆದವರಲ್ಲಿ ಶೇಕಡಾ 7. ಕೆಲವರಿಗೆ ಕೈಕಾಲು ದುರ್ಬಲವಾದದ್ದೂ ಉಂಟು, ಅದನ್ನು ಮರೆಮಾಚಬಾರದು.

ಇಲ್ಲಿನ ತಜ್ಞರೇ ಸೂಚಿಸಿದರೆ ವಿದೇಶದ ಮಾತು. ಆಗಲೂ ಮೊದಲು ಹೋಗಬೇಕಾದ್ದು ಕಾಗದಪತ್ರಗಳು, ರೋಗಿಯಲ್ಲ. ಅಷ್ಟರಲ್ಲಿ ನೀವೊಂದು ನೋಟ್‌ಬುಕ್ ಹಿಡಿಯಿರಿ: ಫಿಟ್ಸ್ ಬಂದ ದಿನ, ಗಂಟೆ, ಎಷ್ಟು ನಿಮಿಷ, ಮೊದಲು ಅದುರಿದ ಕೈ ಯಾವುದು. ಯಾವ ದೇಶದ ವೈದ್ಯರಾದರೂ ಮೊದಲು ಕೇಳುವುದು ಅದನ್ನೇ.