ಛಾಯಾಚಿತ್ರದ ಬೆನ್ನಮೇಲಿನ ಬರಹ

ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿರುವ ಹಳೆಯ ಛಾಯಾಚಿತ್ರವೊಂದರ ಬೆನ್ನಮೇಲೆ, ‘ಉಳವಿ, ಭಾರತ ಹುಣ್ಣಿಮೆ, ಆಕಳ ಗವಿಯಿಂದ ಮರಳುವಾಗ’ ಎಂದು ತಂದೆಯವರು ಪೆನ್ಸಿಲಿನಿಂದ ಬರೆದಿಟ್ಟಿದ್ದಾರೆ. ಚಕ್ಕಡಿಗೆ ಒರಗಿ ನಿಂತ ನಾಲ್ವರ ಮುಖಗಳು ಮಾಸಿಹೋಗಿದ್ದರೂ, ಆ ಒಂದು ಸಾಲಿನ ದೆಸೆಯಿಂದ ಚಿತ್ರಕ್ಕೆ ಊರು ಉಂಟು, ತಿಥಿ ಉಂಟು, ಪ್ರಸಂಗ ಉಂಟು. ಇಸವಿಯೊಂದನ್ನು ಅವರು ಬರೆಯಲಿಲ್ಲ. ಅದು ಯಾವ ವರ್ಷದ ಜಾತ್ರೆಯೆಂದು ಹೇಳಬಲ್ಲವರು ಇಂದು ಮನೆಯಲ್ಲಿ ಯಾರೂ ಉಳಿದಿಲ್ಲ.

ಈಗ ಉಳವಿಯ ಜಾತ್ರೆಯಲ್ಲಿ ಚೆನ್ನಬಸವೇಶ್ವರನ ತೇರು ಕದಲುವ ಹೊತ್ತಿಗೆ ಸಾವಿರ ಕೈಗಳು ಫೋನು ಹಿಡಿದು ಮೇಲೇಳುತ್ತವೆ. ಕಾಗದವಿಲ್ಲದ ಈ ಚಿತ್ರಗಳಿಗೂ ಒಂದು ಬೆನ್ನಿದೆಯೆಂಬುದು, ಅದರ ಮೇಲೆ ಯಂತ್ರವು ತಾನಾಗಿಯೇ ಬಹಳಷ್ಟನ್ನು ಬರೆದಿಡುತ್ತದೆಯೆಂಬುದು ಬಹುಮಂದಿಗೆ ತಿಳಿಯದು. ಜೆಪೆಗ್ ಎಂಬ ಬಗೆಯ ಚಿತ್ರಕಡತವೊಂದನ್ನು ಚಿತ್ರವಾಗಿ ಅಲ್ಲದೆ, ಬರಿಯ ಬೈಟುಗಳ ಸಾಲಾಗಿ ತೆರೆದು ನೋಡಿದರೆ, ಮೊದಲಿಗೆ ‘ಎಫ್‌ಎಫ್ ಡಿ8’ ಎಂಬ ಆರಂಭಚಿಹ್ನೆಯೂ, ಅದರ ಬೆನ್ನಿಗೇ ಸಾಮಾನ್ಯವಾಗಿ ‘ಎಫ್‌ಎಫ್ ಇ1’ ಎಂಬ ಇನ್ನೊಂದು ಗುರುತೂ, ಅದರೊಳಗೆ ‘ಎಕ್ಸಿಫ್’ ಎಂಬ ನಾಲ್ಕು ರೋಮನ್ ಅಕ್ಷರಗಳೂ ಕಾಣಸಿಗುತ್ತವೆ. ಬಣ್ಣ ಬೆಳಕುಗಳ ಲೆಕ್ಕ ಇನ್ನೂ ಆರಂಭವಾಗಿರುವುದಿಲ್ಲ. ಮನೆಯ ಪಡಸಾಲೆಯಂತಿರುವ ಈ ಭಾಗದಲ್ಲಿಯೇ ಕ್ಯಾಮೆರಾದ ಹೆಸರು, ಮಸೂರದ ತೆರವು, ಬೆಳಕು ಒಳಬಂದ ಕಾಲಾವಧಿ, ತೆಗೆದ ದಿನ ಮತ್ತು ಗಳಿಗೆ ಇವೆಲ್ಲ ಇರುತ್ತವೆ. ಭಾಗದ ಉದ್ದವನ್ನು ಎರಡೇ ಬೈಟುಗಳಲ್ಲಿ ಹೇಳಬೇಕಾದ್ದರಿಂದ ಅದು 65,535 ಬೈಟುಗಳನ್ನು ಮೀರುವಂತಿಲ್ಲ. ಈ ಎಕ್ಸಿಫ್ ಪದ್ಧತಿಯನ್ನು 1995ರಲ್ಲಿ ರೂಪಿಸಿದವರು ಜಪಾನಿನ ಎಲೆಕ್ಟ್ರಾನಿಕ್ ಉದ್ಯಮ ಅಭಿವೃದ್ಧಿ ಸಂಘದವರು. ಸ್ಥಳವನ್ನು ದಾಖಲಿಸಲು ಅನುಮತಿಯಿತ್ತಿದ್ದರೆ ಅಕ್ಷಾಂಶ ರೇಖಾಂಶಗಳೂ ಅಲ್ಲಿಯೇ ಸೇರುತ್ತವೆ. ಉಪಗ್ರಹದ ಸಂಕೇತಕ್ಕೆ ಮೊಬೈಲ್ ಗೋಪುರದ ಹಂಗಿಲ್ಲವಾದುದರಿಂದ, ಕರೆ ಹೋಗದ ಕಾಡುದಾರಿಯಲ್ಲಿಯೂ ಫೋನು ತಾನಿರುವ ನೆಲೆಯನ್ನು ಅರಿಯಬಲ್ಲದು.

ಕಾಲವನ್ನು ಬರೆಯುವ ರೀತಿಯಂತೂ ಅತ್ಯಂತ ಸರಳ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು, ಒಟ್ಟು 19 ಅಕ್ಷರಗಳು. ಅದು ಯಾವ ದೇಶದ ಕಾಲವೆಂದು ನಮೂದಿಸುವ ಅವಕಾಶ ಒದಗಿದ್ದು 2016ರಷ್ಟು ಈಚೆಗೆ. ಈ 19 ಅಕ್ಷರಗಳ ಬೆಲೆಯನ್ನು ಉಳವಿಯ ಸುತ್ತಣ ಕಾಡೇ ತೋರಿಸಿಕೊಡುತ್ತದೆ. 2007ರಲ್ಲಿ ಅಣಶಿ-ದಾಂಡೇಲಿ ಎಂಬ ಹೆಸರಿನಿಂದ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಈ ಅರಣ್ಯದಲ್ಲಿ, ಹುಲಿಯ ಎಡಬಲ ಮೈಗಳ ಪಟ್ಟೆಗಳು ಒಂದರಂತೊಂದಿರವಾದ್ದರಿಂದ, ಎಣಿಕೆಯ ಕಾಲಕ್ಕೆ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾಗಳನ್ನು ಕಟ್ಟುತ್ತಾರೆ. ಎಡದ ಚಿತ್ರವೂ ಬಲದ ಚಿತ್ರವೂ ಒಂದೇ ಹುಲಿಯವೆಂದು ಜೋಡಿಸಿಕೊಡುವುದು ಅವೆರಡರಲ್ಲಿ ದಾಖಲಾದ ಕಾಲ. ಗಡಿಯಾರವೊಂದು ತಪ್ಪಿದ್ದರೆ ಜೋಡಿ ಮುರಿಯುತ್ತದೆ, ನಡುರಾತ್ರಿ ನಡೆದ ಪ್ರಾಣಿ ನಡುಹಗಲಿನಲ್ಲಿ ನಡೆದಂತಾಗುತ್ತದೆ. ಇಂತಹ ಕೆಲವು ಕ್ಯಾಮೆರಾಗಳು ಆ ಹೊತ್ತಿನ ಉಷ್ಣತೆಯನ್ನೂ ಚಂದ್ರನ ಕಲೆಯನ್ನೂ ಕಡತದೊಳಗೆ ಬರೆದಿಡುತ್ತವೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ತಂದೆಯವರ ‘ಭಾರತ ಹುಣ್ಣಿಮೆ’ ಯಂತ್ರದ ಬರಹದಲ್ಲಿಯೂ ಇದೆಯಲ್ಲ!

ಯಂತ್ರ ಬರೆಯುವುದು ಇಷ್ಟು. ಮನುಷ್ಯನ ಮಾತಿಗೆ ಸ್ಥಳವೆಲ್ಲಿ? ಜೆಪೆಗ್‌ನಲ್ಲಿ ಮೊದಲಿನಿಂದಲೂ ಟಿಪ್ಪಣಿಗೆಂದೇ ಮೀಸಲಾದ ಒಂದು ಖಂಡವಿದೆ. ಎಕ್ಸಿಫ್‌ನಲ್ಲಿ ಚಿತ್ರವಿವರಣೆಯ ಅಂಕಣವೂ ಬಳಕೆದಾರನ ಟಿಪ್ಪಣಿಯ ಅಂಕಣವೂ ಬೇರೆಬೇರೆಯಾಗಿವೆ. ಪತ್ರಿಕಾಛಾಯಾಗ್ರಾಹಕರ ಐಪಿಟಿಸಿ ಅಂಕಣಗಳು ಮತ್ತೊಂದೆಡೆ. ಆದರೆ ವಿವರಣೆಯ ಅಂಕಣವು ಬಹುಕಾಲ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ತೆರೆದಿದ್ದುದರಿಂದ, ಅಲ್ಲಿ ಬರೆದ ಕನ್ನಡ ಎಷ್ಟೋ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಹೋಗುತ್ತಿತ್ತು. 2001ರಲ್ಲಿ ಅಡೋಬಿ ಸಂಸ್ಥೆ ತಂದ ಎಕ್ಸ್‌ಎಂಪಿ ಪದ್ಧತಿ ಯೂನಿಕೋಡನ್ನೇ ಆಧರಿಸಿದ್ದು, ಅಲ್ಲಿ ಕನ್ನಡ ಕನ್ನಡವಾಗಿಯೇ ಉಳಿಯಿತು. ‘ಉಳವಿ’ ಎಂಬ ಮಾತು ಅಲ್ಲಿ ಹಿಡಿಯುವುದು 12 ಬೈಟುಗಳನ್ನು: ಉ, ಳ, ವ, ಗುಡಿಸು, ಒಂದೊಂದಕ್ಕೆ ಮೂರು. ಎಕ್ಸಿಫ್ ಕೂಡ 2023ರ ತನ್ನ ಮೂರನೆಯ ಆವೃತ್ತಿಯಲ್ಲಿ ಈ ಬಾಗಿಲನ್ನು ತೆರೆದಿದೆ.

ಇಷ್ಟೆಲ್ಲ ಅನುಕೂಲವಿದ್ದೂ ನಮ್ಮ ಟಿಪ್ಪಣಿಗಳು ಕಳೆದುಹೋಗುವುದಕ್ಕೆ ಕಾರಣ, ಅನೇಕ ತಂತ್ರಾಂಶಗಳು ಅವನ್ನು ಚಿತ್ರದ ಬೆನ್ನಮೇಲೆ ಬರೆಯದೆ ತಮ್ಮದೇ ಖಾತೆಪುಸ್ತಕದಲ್ಲಿ ಬರೆದುಕೊಳ್ಳುವುದು. ಲೈಟ್‌ರೂಮ್ ತನ್ನ ಕ್ಯಾಟಲಾಗಿನಲ್ಲಿ ಮೊದಲು ದಾಖಲಿಸುತ್ತದೆ. ಕಡತದೊಳಕ್ಕೂ ಬರೆಯೆಂದು ನಾವೇ ಹೇಳಬೇಕು. 2016ರಲ್ಲಿ ಗೂಗಲ್ ನಿಲ್ಲಿಸಿಬಿಟ್ಟ ಪಿಕಾಸಾ, ಮುಖಗಳ ಗುರುತನ್ನು ಫೋಲ್ಡರಿನೊಳಗಿನ ಗುಪ್ತ ಕಡತವೊಂದರಲ್ಲಿ ಇಡುತ್ತಿತ್ತು; ಚಿತ್ರವೊಂದನ್ನೇ ನಕಲು ಮಾಡಿಕೊಂಡವನಿಗೆ ಆ ಗುರುತು ದಕ್ಕುತ್ತಿರಲಿಲ್ಲ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಸ್ಥಳಕಾಲಗಳೆಲ್ಲ ಅಳಿಸಿಹೋಗುತ್ತವೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತವೆ. ಅಪರಿಚಿತರಿಗೆ ಮನೆಯ ನೆಲೆ ತಿಳಿಯದಿರಲು ಅಳಿಯುವುದೇ ಲೇಸು, ಮನೆಯವರಿಗೆ ಉಳಿಯಬೇಕು.

ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಜಾತ್ರೆಯಿಂದ ಮರಳಿದ ಮೇಲೆ ನೂರು ಚಿತ್ರಗಳಲ್ಲಿ ಹತ್ತನ್ನಾದರೂ ಆರಿಸಿ, ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ, ಕನ್ನಡದಲ್ಲಿಯೇ, ಕಡತದೊಳಗೇ ಬರೆದಿಡಿ. ಇಸವಿಯನ್ನು ಯಂತ್ರ ಬರೆದುಕೊಳ್ಳುತ್ತದೆ; ಹೆಸರುಗಳನ್ನು ಬಲ್ಲವರು ನೀವು.