ಪಂದ್ಯಪಟ್ಟಿ ಹಾಕುವ ಲೆಕ್ಕ

ನಮ್ಮ ಸೌಕಾರ್‌ಪೇಟೆಯಲ್ಲಿ ಹುಡುಗರಿಗೆ ಕೊರತೆಯಿಲ್ಲ, ಬ್ಯಾಟಿಗೂ ಕೊರತೆಯಿಲ್ಲ. ಕೊರತೆಯಿರುವುದು ಜಾಗಕ್ಕೆ. ಮಿಂಟ್ ಬೀದಿಯ ಆಸುಪಾಸಿನ ಗಲ್ಲಿಗಳಲ್ಲಿ ಕೈಗಾಡಿ ನಿಂತರೆ ಬೌಲರ್ ಓಡಿಬರಲು ಹಾದಿಯಿಲ್ಲ. ಹಾಗಾಗಿ ಪಂದ್ಯಾವಳಿ ನಡೆಸಬೇಕಾದರೆ ಎಲ್ಲೋ ಒಂದು ಮೈದಾನವನ್ನು ಭಾನುವಾರ ಬೆಳಿಗ್ಗೆಗೆ ಗಿಟ್ಟಿಸಿಕೊಳ್ಳಬೇಕು. ಆಮೇಲೆ ಬರುವ ಪ್ರಶ್ನೆ: ಯಾರು, ಯಾವತ್ತು, ಯಾರೊಡನೆ ಆಡಬೇಕು?

ಸುಲಭದ ದಾರಿ ನಾಕೌಟ್. ಸೋತವನು ಮನೆಗೆ. ಎಂಟು ತಂಡಗಳಿದ್ದರೆ ಒಟ್ಟು ಏಳೇ ಪಂದ್ಯ. ಒಂದು ಬೆಳಿಗ್ಗೆಗೆ ಮೂರು ಪಂದ್ಯವೆಂದರೂ ಮೂರು ಭಾನುವಾರದಲ್ಲಿ ಮುಗಿಯಿತು. ಖರ್ಚು ಕಡಿಮೆ, ನಿಜ. ಆದರೆ ಜಮಾ ಕಡೆ ನೋಡಿ: ನಾಲ್ಕು ತಂಡಗಳು, ಅಂದರೆ ಅರ್ಧದಷ್ಟು ಹುಡುಗರು, ಒಂದೇ ಆಟ ಆಡಿ ಹೊರಗೆ!

ಇದು ದೊಡ್ಡವರಿಗೂ ತಪ್ಪಿದ್ದಲ್ಲ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಇದೇ ಊರಿನ ಚೆಪಾಕ್‌ನಲ್ಲಿ, 1934ರ ನವೆಂಬರ್ 4ರಂದು. ಆಡಿದ್ದು ಮದರಾಸು ಮತ್ತು ನಮ್ಮ ಮೈಸೂರು. ಮೈಸೂರು 48 ಮತ್ತು 59 ರನ್ನಿಗೆ ಉರುಳಿತು, ಎ. ಜಿ. ರಾಮ್ ಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ ಕಿತ್ತರು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಆಗ ನಾಕೌಟ್ ಪದ್ಧತಿಯಾದ್ದರಿಂದ ಮೈಸೂರಿನ ಆ ವರ್ಷದ ರಣಜಿಯೂ ಅಂದೇ ಮುಗಿಯಿತು. 1957-58ರಿಂದ ವಲಯಗಳೊಳಗೆ ಲೀಗ್ ಬಂದಮೇಲೆ ಸೋತ ತಂಡಕ್ಕೂ ಮರುದಾರಿ ಸಿಕ್ಕಿತು.

ಹಾಗಂತ ಎಂಟು ತಂಡಕ್ಕೂ ಪೂರ್ತಿ ಲೀಗ್ ಇಟ್ಟರೆ? ಎಂಟನ್ನು ಏಳರಿಂದ ಗುಣಿಸಿ ಎರಡರಿಂದ ಭಾಗಿಸಿ: 28 ಪಂದ್ಯ, ಹತ್ತು ಭಾನುವಾರ. ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ, ಇಲ್ಲವೇ ಅಕ್ಟೋಬರ್ ದಾಟಿ ಹಿಂಗಾರು ಮಳೆ ಹಿಡಿದಿರುತ್ತದೆ.

ನಡುವಿನ ದಾರಿಯೊಂದಿದೆ. ನಾಲ್ಕು ನಾಲ್ಕು ತಂಡಗಳ ಎರಡು ಗುಂಪು ಮಾಡಿ. ಗುಂಪಿಗೆ ಆರರಂತೆ 12 ಪಂದ್ಯ, ಆಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು 15. ಆರು ಭಾನುವಾರ ಸಾಕು. ಕಡೆಯ ತಂಡಕ್ಕೂ ಮೂರು ಆಟ ಖಾತ್ರಿ.

ಜೋಡಿ ಹಾಕುವುದೂ ಕಷ್ಟವಲ್ಲ. ಒಂದನೆಯ ತಂಡವನ್ನು ಕದಲಿಸದೆ ಉಳಿದವನ್ನು ಸುತ್ತಿಸುತ್ತಾ ಹೋಗಿ. ಮೊದಲ ಸುತ್ತು 1-4, 2-3. ಎರಡನೆಯದು 1-3, 4-2. ಮೂರನೆಯದು 1-2, 3-4. ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿದಂತಾಯಿತು. ತಂಡಗಳ ಸಂಖ್ಯೆ ಬೆಸವಾದರೆ 'ರಜೆ' ಎಂಬ ಇನ್ನೊಂದು ತಂಡವಿದೆ ಎಂದು ಬರೆದುಕೊಳ್ಳಿ. ಅದರ ಜೊತೆ ಬಿದ್ದವರಿಗೆ ಅಂದು ವಿಶ್ರಾಂತಿ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ 'ಲಿಟಲ್ ಲೀಗ್' 1939ರಲ್ಲಿ ಶುರುವಾದದ್ದು ಇಂಥ ಬೆಸ ಸಂಖ್ಯೆಯಿಂದಲೇ, ಬರೀ ಮೂರು ತಂಡ.

ಅವರಿಂದ ಕಲಿಯಬೇಕಾದದ್ದು ಮತ್ತೊಂದಿದೆ. ಅಲ್ಲಿ 11-12 ವಯಸ್ಸಿನ ಹುಡುಗ ಒಂದು ದಿನಕ್ಕೆ 85ಕ್ಕಿಂತ ಹೆಚ್ಚು ಚೆಂಡು ಎಸೆಯುವಂತಿಲ್ಲ. 66 ಮುಟ್ಟಿದರೆ ನಾಲ್ಕು ದಿನ ಎಸೆತಕ್ಕೆ ರಜ. ಎಳೆಯ ತೋಳು ಕೆಡಬಾರದೆಂದು ಈ ನಿಯಮ. ಆದ್ದರಿಂದ ಪಟ್ಟಿ ಹಾಕುವವರು ಆಟಗಳ ನಡುವೆ ಬಿಡುವನ್ನೂ ಯೋಚಿಸಬೇಕು. ನಮ್ಮ ವೇಗದ ಬೌಲರಿಗೇನು ತೋಳು ಕಬ್ಬಿಣದ್ದೇ? ಒಂದೇ ಬೆಳಿಗ್ಗೆ ಒಂದು ತಂಡಕ್ಕೆ ಎರಡು ಆಟ ಬೇಡ. ಹತ್ತು ಗಂಟೆಯ ಸುಡುಬಿಸಿಲಿನ ಪಂದ್ಯ ಪ್ರತಿ ವಾರವೂ ಅದೇ ತಂಡದ ಪಾಲಾಗುವುದೂ ಬೇಡ.

ಗೆಳೆಯರೇ, ಪಂದ್ಯಾವಳಿ ಅಂದಕೂಡಲೆ ನಮ್ಮವರು ಓಡುವುದು ಕಪ್ ಕೊಳ್ಳಲು. ಕಪ್ ಸಿಗುವುದು ಒಂದು ತಂಡಕ್ಕೆ. ಪಂದ್ಯಪಟ್ಟಿ ಎಂಟೂ ತಂಡಕ್ಕೆ ಸೇರಿದ್ದು. ಅದನ್ನು ಮೊದಲು ಬರೆಯೋಣ.