ಖಾಲಿ ಪಿಕಪ್‌ಗೆ ಯಾವ ಶಾಕ್?

ಅಷ್ಟು ದೊಡ್ಡ ಎಂಜಿನ್.
ಹಸಿರು ದೀಪ ಬಿದ್ದರೂ ಟ್ರಕ್ ನಿಂತಲ್ಲೇ ಟೈರ್ ಸುಡುವುದೇಕೆ?

ಅಮೆರಿಕದ ಡ್ರ್ಯಾಗ್ ರೇಸ್. ಕಾಲು ಮೈಲಿ, ಅಂದರೆ 402 ಮೀಟರ್.
1999ರ ಫೋರ್ಡ್ ಲೈಟ್ನಿಂಗ್ ಪಿಕಪ್ ನೋಡಿ.
5.4 ಲೀಟರ್ ವಿ8 ಎಂಜಿನ್ನಿನ ಭಾರ ಮುಂದೆ.
ತಳ್ಳುವ ಚಕ್ರಗಳು ಹಿಂದೆ, ಖಾಲಿ ತೊಟ್ಟಿಯ ಕೆಳಗೆ!

ಎತ್ತಿನ ಗಾಡಿಯ ಹಿಂತುದಿಗೆ ಭಾರ ಬಿದ್ದರೆ ಮೂಕಿ ಮೇಲೇಳುತ್ತದಲ್ಲ?
ಹೊರಡುವಾಗ ಟ್ರಕ್ಕಿನ ಮೂತಿಯೂ ಹಾಗೇ ಏಳಬೇಕು.
ಆಗ ಭಾರ ಹಿಂದಿನ ಚಕ್ರಗಳ ಮೇಲೆ ಬಿದ್ದು ಟೈರ್ ನೆಲ ಕಚ್ಚುತ್ತದೆ.

ಅದಕ್ಕೇ ಮುಂದೆ ‘90/10’ ಶಾಕ್ ಅಬ್ಸಾರ್ಬರ್.
ಸಲೀಸಾಗಿ ಹಿಗ್ಗುತ್ತದೆ,
ಕುಗ್ಗು ಅಂದರೆ ಮೊಂಡಾಟ.

ಆದರೆ ಅದೇ ಟ್ರಕ್ಕಲ್ಲಿ ಮನೆಗೂ ಹೋಗಬೇಕಲ್ಲ!
ಗುಂಡಿ ರಸ್ತೆಯಲ್ಲಿ ಮೂತಿ ತೇಲಾಡಿದರೆ ಸ್ಟೀರಿಂಗ್ ಹಿಡಿದವರ ಗತಿ?
ನಾಬ್ ತಿರುಗಿಸಿ ಹೊಂದಿಸುವ ಶಾಕೇ ವಾಸಿ.
ರೇಸಿಗೆ ಸಡಿಲ, ರಸ್ತೆಗೆ ಬಿಗಿ.

ಹಿಂದಿನ ಚಕ್ರ ಕುಪ್ಪಳಿಸುತ್ತದೆಯೇ?
ಲೀಫ್ ಸ್ಪ್ರಿಂಗ್ ತಿರುಚಿಕೊಳ್ಳುತ್ತಿರಬಹುದು.
ಶಾಕ್ ಬದಲಿಸುವ ಮೊದಲು ಆ ತಿರುಚುವಿಕೆ ತಡೆಯುವ ಟ್ರ್ಯಾಕ್ಷನ್ ಬಾರ್ ಹಾಕಿಸಿ.